ಎದುರುಮನೆ ದೊಡ್ಡಪ್ಪನ ಎರಡು ಇಂಜಿನ್ನು

ಎದುರುಮನೆ ದೊಡ್ಡಪ್ಪನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಅದರ ಮೇಲೆ ಗಮ್ಮು ಬಿದ್ದು, ಒಣಗಿ, ಮತ್ತೆ ಬಿದ್ದು, ಬೆರಳ ತುದಿ ನುಣ್ಣಗೆ ಬೆಳ್ಳಗೆ ಹೊಳೆಯುತ್ತಿತ್ತು. ಮಾತಾಡುತ್ತ ಕೂತಾಗ ಆ ಗಮ್ಮಿನ ಪೊರೆಯನ್ನು ಬೆಳ್ಳುಳ್ಳಿ ಸಿಪ್ಪೆ ಬಿಡಿಸುವ ಹಾಗೆ ಸುಲಿದು ಪಂಚೆಯ ಮೇಲೆ ಉದುರಿಸುತ್ತಿದ್ದರು. ನಮ್ಮೂರು ತೂಬಗೆರೆಯ ರೇಷನ್ ಅಂಗಡಿಯ ಬೆರಳೊತ್ತುವ ಯಂತ್ರ ಅವರನ್ನು ಒಂದು ಸಲವೂ ಗುರುತು ಹಿಡಿಯಲಿಲ್ಲ. “ಯಜಮಾನ್ರೇ, ನೀವು ಇಲ್ಲ ಅಂತದೆ ಮಿಷಿನ್ನು” ಎಂದು ಅಂಗಡಿಯವನು ನಗುತ್ತಿದ್ದ. ಅಕ್ಕಿಗೆ ಯಾವಾಗಲೂ ದೊಡ್ಡಮ್ಮನೇ ಹೋಗಬೇಕಾಗಿತ್ತು. “ನಾನೊಬ್ಬಳು ಇದೀನಿ ಅಂತ ಇವರಿಗೆ ಊಟ. ಇಲ್ದಿದ್ರೆ ಸರ್ಕಾರದ ಪಾಲಿಗೆ ಇವರು ಇಲ್ವೇ ಇಲ್ಲ” ಎಂದು ಆಕೆ ಚೀಲ ಕೊಡವುತ್ತ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು.

ನಮಗೂ ಅವರಿಗೂ ನೆಂಟಸ್ತನವೇನಿಲ್ಲ. ನಮ್ಮ ಬಾಗಿಲು ತೆಗೆದರೆ ಅವರ ಬಾಗಿಲು, ಅಷ್ಟೇ. ನನ್ನಪ್ಪನಿಗಿಂತ ದೊಡ್ಡವರಾದ್ದರಿಂದ ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ. ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೊಲವನ್ನು ತಮ್ಮಂದಿರು ನೋಡಿಕೊಳ್ಳುತ್ತಿದ್ದರು. ಮಕ್ಕಳಿರಲಿಲ್ಲ. ಅದನ್ನು ಹೇಳಿಕೊಂಡು ಇಬ್ಬರೂ ಕೊರಗಿದ್ದನ್ನು ನಾನು ಕಂಡಿಲ್ಲ. ಕೊರಗಲು ಅವರಿಗೆ ಪುರುಸೊತ್ತೂ ಇರಲಿಲ್ಲ. ದೊಡ್ಡಪ್ಪ ಪುಟ್ಟ ವಿಮಾನ ಮಾಡುವುದರಲ್ಲಿ ಮುಳುಗಿರುತ್ತಿದ್ದರು, ದೊಡ್ಡಮ್ಮ ಅವರನ್ನು ಬೈಯುವುದರಲ್ಲಿ.

ಪ್ಲಾಸ್ಟಿಕ್ಕಿನ ಮಾಡೆಲ್ ವಿಮಾನಗಳು ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುತ್ತವೆ. ಚಿತ್ರದಲ್ಲಿ ತೋರಿಸಿದಂತೆ ಅಂಟಿಸಿ ಬಣ್ಣ ಬಳಿದರೆ ನಿಜವಾದ ವಿಮಾನದ ಅಚ್ಚು. ಎಲ್ಲರೂ ಮಾಡುವುದು ಹಾಗೆ. ದೊಡ್ಡಪ್ಪ ಮಾತ್ರ ಡಬ್ಬಿ ಒಡೆದ ಕೂಡಲೇ ಆ ಚಿತ್ರದ ಹಾಳೆಯನ್ನು ಮಡಚಿ ಅಲ್ಲಾಡುವ ಮೇಜಿನ ಕಾಲಿಗೆ ಕೊಡುತ್ತಿದ್ದರು. ಹಳೆಯ ಕಾಲದ ವಿಮಾನ ತಗೊಂಡು, ಅದರ ರೆಕ್ಕೆ ಕೊಯ್ದು, ಮೂತಿ ಉದ್ದ ಮಾಡಿ, ಬೇರೆ ಇಂಜಿನ್ನು ಕೂರಿಸಿ, ಲೋಕದಲ್ಲಿ ಎಲ್ಲೂ ಇಲ್ಲದ ವಿಮಾನವೊಂದನ್ನು ಮಾಡುತ್ತಿದ್ದರು. ಯಾಕೆ ದೊಡ್ಡಪ್ಪ ಹೀಗೆ ಎಂದರೆ, “ಇದ್ದಿದ್ನ ಮಾಡೋದು ನಕಲು ಕಣಮ್ಮ. ಇರ್ಬೇಕಾಗಿದ್ದನ್ನ ಮಾಡೋದು ಕೆಲಸ” ಎನ್ನುತ್ತಿದ್ದರು.

ಅದರಲ್ಲೂ ಅವರಿಗೆ ಟರ್ಬೋಪ್ರಾಪ್ ಇಂಜಿನ್ನಿನ ಹುಚ್ಚು. “ಒಳಗೆ ಜೆಟ್ಟು, ಮುಂದೆ ಫ್ಯಾನು. ಚಿಕ್ಕ ಜಾಗದಲ್ಲಿ ಇಳೀತದೆ, ಚಿಕ್ಕ ಜಾಗದಲ್ಲಿ ಏಳ್ತದೆ. ದೊಡ್ಡೂರಿಗೇ ಹೋಗ್ಬೇಕು ಅಂತ ಹಟ ಇಲ್ಲ ಅದಕ್ಕೆ” ಎಂದು ಮನೆಗೆ ಬಂದವರಿಗೆಲ್ಲ ಕಾಫಿಗೂ ಮುಂಚೆ ವಿವರಿಸುತ್ತಿದ್ದರು. ಅವರು ಒಂದು ಸಲವೂ ವಿಮಾನ ಹತ್ತಿದವರಲ್ಲ. ವಿಮಾನ ನಿಲ್ದಾಣ ಊರಿಗೆ ಇಷ್ಟು ಹತ್ತಿರವಿದ್ದು, ದಿನವೂ ತಲೆ ಮೇಲೆ ಹಾರುವುದನ್ನು ನೋಡಿಯೂ ಹತ್ತಬೇಕು ಅನ್ನಿಸಲಿಲ್ಲವಂತೆ. “ದುಡ್ಡು ಕೊಟ್ರೆ ಯಾರು ಬೇಕಾದ್ರೂ ಹತ್ತುತಾರೆ. ಅದೇನು ಕಲೀಬೇಕಾ?”

ಬಿಡಿಭಾಗ ಹುಡುಕುವುದಂತೂ ಅವರಿಗೆ ದೊಡ್ಡ ಬೇಟೆ. ಫ್ಯಾನ್ಸಿ ಸ್ಟೋರಿನಲ್ಲಿ ಹೆಂಗಸರ ನಡುವೆ ನುಗ್ಗಿ ಹೇರ್‌ಪಿನ್ನು ಹಿಡಿದು ಕಣ್ಣಿಗೆ ಹತ್ತಿರ ತಂದು ನೋಡುವರು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಹಿಂದೆ ನೂಲು ಸುತ್ತುವ ಮುರಿದ ಕಂಡಿಕೆ ಆರಿಸುವರು. ಒಮ್ಮೆ ನಮ್ಮ ನೆಂಟರ ಮದುವೆಯಲ್ಲಿ ಐಸ್‌ಕ್ರೀಮ್ ಕೌಂಟರಿನ ಪಕ್ಕ ನಿಂತು, ತಿಂದವರೆಲ್ಲ ಬಿಸಾಡಿದ ಪ್ಲಾಸ್ಟಿಕ್ ಚಮಚಗಳನ್ನು ತೊಳೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹುಡುಗನ ಕಡೆಯವರು ನೋಡಿ ಏನೋ ಅಂದುಕೊಂಡು, “ಪಾಪ, ಊಟ ಆಯ್ತಾ ತಾತಾ?” ಎಂದು ಕೇಳಿಬಿಟ್ಟರು. ದೊಡ್ಡಮ್ಮ ಆಮೇಲೆ ಒಂದು ವಾರ ಅವರ ಜೊತೆ ಮಾತು ಬಿಟ್ಟರು. ಆ ಚಮಚದ ಹಿಡಿಯನ್ನೇ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ ಫ್ಯಾನಿನ ಎಲೆ ಮಾಡಿದ್ದರು. ನೋಡಿದವರಿಗೆ ಚಮಚ ಎಂದು ಯಾರು ಹೇಳಬೇಕು?

ಆದರೆ ಒಂದು ಕಟ್ಟುನಿಟ್ಟಿತ್ತು. ಇಂಜಿನ್ನನ್ನು ಮಾತ್ರ ಅವರು ಕಸದಿಂದ ಮಾಡುತ್ತಿರಲಿಲ್ಲ. ಅದನ್ನು ಪರದೇಶದಲ್ಲಿ ಇದನ್ನೇ ಕಸುಬು ಮಾಡಿಕೊಂಡ ಕುಶಲಕರ್ಮಿಗಳಿಂದ ತರಿಸಬೇಕು. ಗಟ್ಟಿ ರಾಳದಲ್ಲಿ ಎರಕ ಹೊಯ್ದದ್ದಾಗಿರಬೇಕು. “ಮಿಕ್ಕಿದ್ದೆಲ್ಲ ಮೈ. ಇಂಜಿನ್ನು ಜೀವ. ಜೀವಕ್ಕೆ ತೇಪೆ ಹಾಕ್ಬಾರ್ದು.”

ನನಗೆ ವಿಮಾನದ ಹುಚ್ಚು ಹತ್ತಲಿಲ್ಲ. ಅಂಟು ಕಂಡರೆ ತಲೆನೋವು ಬರುತ್ತಿತ್ತು. ಆದರೂ ಡಿಗ್ರಿ ಮುಗಿಸಿ ಏನು ಮಾಡುವುದೆಂದು ತೋಚದೆ ಕೂತಿದ್ದಾಗ, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಪಾರ್ಸೆಲ್ಲುಗಳ ಕಾಗದ ಮಾಡಿಸಿಕೊಡುವ ಒಂದು ಚಿಕ್ಕ ಕಂಪನಿಗೆ ಜನ ಬೇಕಂತೆ ಎಂದು ಹುಡುಕಿ ತಂದವರು ಅವರೇ. ಅಪ್ಪ ಬೇಡ ಎಂದಾಗ ನಮ್ಮ ಜಗಲಿಯ ಮೇಲೆ ಕೂತು, “ನೀನು ಒಪ್ಪೋವರ್ಗೂ ನಾನು ಏಳಲ್ಲ ಕಣಪ್ಪ” ಎಂದು ಹೆಬ್ಬೆರಳು ಸುಲಿಯುತ್ತ ಕೂತುಬಿಟ್ಟರು. ಜಗಲಿ ತುಂಬ ಗಮ್ಮಿನ ಸಿಪ್ಪೆ ಬಿದ್ದಮೇಲೆ ಅಪ್ಪ ಒಪ್ಪಿದರು. ನಾನು ಇವತ್ತು ಉಣ್ಣುತ್ತಿರುವ ಅನ್ನ ಆ ಜಗಲಿಯದು.

ದೊಡ್ಡಮ್ಮನಿಗೆ ಎರಡೂ ಕಿಡ್ನಿ ಹೋಯಿತು. ಹೇಗೆ, ಯಾವಾಗ ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಮುಗಿದಿತ್ತು. ದೊಡ್ಡಪ್ಪ ತಮ್ಮದನ್ನು ಕೊಡುತ್ತೇನೆ ಎಂದರು. ನಿಮಗೇ ಸಕ್ಕರೆ ಕಾಯಿಲೆ, ಆಗಲ್ಲ ಎಂದರು ಡಾಕ್ಟರು. ವಾರಕ್ಕೆ ಮೂರು ಸಲ ದೊಡ್ಡಬಳ್ಳಾಪುರಕ್ಕೆ ಆಟೋದಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕಾಯಿತು. ಹೋಗುವಾಗ ದೊಡ್ಡಮ್ಮ ಮಾತಾಡುತ್ತಿದ್ದರು, ಬರುವಾಗ ಇಲ್ಲ.

ಕಾಲು ಊದಿಕೊಂಡಿತು. ಒಂದು ದಿನ ಆಸ್ಪತ್ರೆಯಲ್ಲಿ ಸಿಸ್ಟರು, ಕಾಲುಂಗುರ ಬೆರಳಿಗೆ ಕಚ್ಚಿಕೊಳ್ಳುತ್ತಿದೆ, ರಕ್ತ ಓಡುತ್ತಿಲ್ಲ, ಕತ್ತರಿಸಬೇಕು ಎಂದರು. ಮದುವೆಯಲ್ಲಿ ದೊಡ್ಡಪ್ಪ ತೊಡಿಸಿದ್ದ ಹಳೆಯ ಕಾಲದ ದಪ್ಪ ಬೆಳ್ಳಿ ಕಾಲುಂಗುರ. ಅಷ್ಟು ಸೂಜಿಗೂ ಅಳದ ದೊಡ್ಡಮ್ಮ ಅವತ್ತು ವಾರ್ಡಿನಲ್ಲಿ ಕೂಗಿ ಅತ್ತರು. “ಗಂಡ ಕಣ್ಮುಂದೆ ನಿಂತವ್ರೆ. ಅವರ ಎದುರ್ಗೇ ಕಾಲುಂಗುರ ತೆಗೆಸ್ತೀರಾ?” ನಾನು ರಜೆ ಹಾಕಿ ಜೊತೆಗೆ ಹೋಗಿದ್ದೆ, ಆಕೆಯ ಭುಜ ಹಿಡಿದುಕೊಂಡಿದ್ದೆ. ಸಿಸ್ಟರು ಕಟ್ಟರ್ ಹಿಡಿದು ಎರಡನ್ನೂ ತುಂಡರಿಸಿದರು. ಮನೆಗೆ ಬಂದು ಬೆರಳುಗಳಿಗೆ ಅರಿಶಿನದ ದಾರ ಸಡಿಲವಾಗಿ ಸುತ್ತಿಕೊಂಡು, ಕತ್ತರಿಸಿದ ಉಂಗುರಗಳನ್ನು ಕುಂಕುಮದ ಡಬ್ಬಿಯಲ್ಲಿ ಇಟ್ಟರು.

ಆ ವಾರವೇ ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ, ವಿಮಾನವೊಂದು ಇಳಿಯಲೆಂದು ತೀರ ತಗ್ಗಿನಲ್ಲಿ ಹೋಯಿತು. ರಸ್ತೆಯಲ್ಲಿ ಹಂಪಿನ ಮೇಲೆ ಹಂಪು, ದೊಡ್ಡಮ್ಮನ ಬೆನ್ನು ಮುರಿಯುತ್ತಿತ್ತು. “ಅಷ್ಟೊಂದು ವಿಮಾನ ಮಾಡಿದೀರಲ್ಲ, ನನಗೊಂದು ಮಾಡಿದೀರಾ?” ಎಂದರು. “ಆ ಡಯಾಲಿಸಿಸ್ ಮಿಷಿನ್ನನ್ನೇ ಒಳಗಿಟ್ಕೊಂಡು, ನಮ್ಮೂರ ಕೆರೆ ಅಂಗಳದಲ್ಲಿ ಬಂದು ಇಳಿಯಂಗಿರ್ಬೇಕು. ನಾನು ಮನೆ ಸೀರೇಲೇ ಹೋಗಿ ಹತ್ಬೇಕು. ಕಿಟಕಿ ಪಕ್ಕ ಮಂಚ ಇರ್ಬೇಕು. ರಕ್ತ ತೊಳ್ಕೊಂಡು ಒಂದು ಸುತ್ತು ಹಾಕಿ ಊಟದ ಹೊತ್ತಿಗೆ ಇಳಿದ್ಬಿಡ್ಬೇಕು.”

ತಮಾಷೆಗೆ ಹೇಳಿದ್ದು. ದೊಡ್ಡಪ್ಪ ತಮಾಷೆಗೆ ತಗೊಳ್ಳಲಿಲ್ಲ. ಡಾಕ್ಟರು ಅವರನ್ನು ಹೊರಗೆ ಕರೆದು, ಹೃದಯವೂ ಸೋಲುತ್ತಿದೆ, ಇನ್ನು ಹೆಚ್ಚು ದಿನ ತಡೆಯಲಾರರು ಎಂದಿದ್ದರು. ಅದನ್ನು ಅವರು ಹೇಳಿದ್ದು ನನಗೊಬ್ಬಳಿಗೆ. ಹೇಳಿ, “ಅವಳು ಅದನ್ನ ನೋಡ್ಬೇಕು ಕಣಮ್ಮ. ಪೂರ್ತಿ ಆಗಿರೋದನ್ನ ನೋಡ್ಬೇಕು” ಎಂದರು. ಅಟ್ಟದಿಂದ ಎರಡು ಇಂಜಿನ್ನಿನ ಹಳೆಯ ವಿಮಾನವೊಂದರ ಡಬ್ಬಿ ಇಳಿಸಿದರು. ಹೊಟ್ಟೆ ಅಗಲ ಮಾಡಿದರು. ಹಿಂದಿನ ಭಾಗದಲ್ಲಿ ಕಿಟಕಿಯ ಪಕ್ಕ ಬೆಂಕಿಕಡ್ಡಿಯಿಂದ ಮಂಚ, ಅದರ ಮೇಲೆ ದೊಡ್ಡಮ್ಮನ ಹಳೇ ರವಿಕೆಯ ಬಟ್ಟೆಯ ಹಾಸಿಗೆ. ಮುಂದೆ ಒಂದು, ರೆಕ್ಕೆಯ ಕೆಳಗೆ ಎರಡು, ಕೆರೆ ಅಂಗಳಕ್ಕೆ ತಡೆಯುವ ದಪ್ಪ ಚಕ್ರ. ಎಲ್ಲ ಆಯಿತು. ಟರ್ಬೋಪ್ರಾಪ್ ಇಂಜಿನ್ನು ಎರಡು ಬೇಕು.

ಆ ಎರಡು ಇಂಜಿನ್ನಿಗಾಗಿ ಅವರು ಪಟ್ಟ ಪಾಡು ನೋಡಿದರೆ ನನಗೆ ಸಿಟ್ಟೇ ಬರುತ್ತಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಸಿಗಲಿಲ್ಲ. ಹೊಸಕೋಟೆಯಲ್ಲಿ ಇದೇ ಹವ್ಯಾಸದವರೊಬ್ಬರ ಹತ್ತಿರ ಇದೆ ಎಂದು ತಿಳಿದು ಬಸ್ಸಿನಲ್ಲಿ ಹೋಗಿ ಬಂದರು. ಅವರ ಬಳಿ ಇದ್ದದ್ದು ಒಂದೇ. “ಒಂದು ಇಂಜಿನ್ನಲ್ಲಿ ಅವಳನ್ನ ಹೆಂಗೆ ಕೂರಿಸ್ಲಿ?” ಎಂದು ವಾಪಸು ಬಂದರು, ಅದು ನಿಜವಾಗಿ ಹಾರುವ ವಿಮಾನವೇನೋ ಎಂಬಂತೆ. ಯಾರೋ ಕಂಪ್ಯೂಟರಿನಲ್ಲಿ ತ್ರೀಡಿ ಪ್ರಿಂಟು ಹಾಕಿ ಕೊಡುತ್ತೇವೆ ಎಂದರು. ಬಂದದ್ದರಲ್ಲಿ ಒಂದು ಇನ್ನೊಂದಕ್ಕಿಂತ ದಪ್ಪ. ಕೊನೆಗೆ ಪರದೇಶದ ಒಬ್ಬ ಕುಶಲಕರ್ಮಿಗೆ ಬರೆದರು. ಆತ ಕಳಿಸಲು ಒಪ್ಪಿದ. ಆಗ ದೊಡ್ಡಪ್ಪ ಒಂದು ಕೆಲಸ ಮಾಡಿದರು. ಆತ ಸಾಮಾನ್ಯವಾಗಿ ಪಾರ್ಸೆಲ್ಲಿನ ಮೇಲೆ ‘ಆಟಿಕೆ’ ಎಂದು ಬರೆಯುತ್ತಿದ್ದನಂತೆ. ಇವರು, ಹಾಗೆ ಬರೆಯಬೇಡ, ಅದರ ಹೆಸರನ್ನೇ ಬರೆ ಎಂದು ತಾಕೀತು ಮಾಡಿದರು. ಆಟಿಕೆ ಎಂಬ ಮಾತು ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ಆತ ಒಪ್ಪಿ, ‘ಟರ್ಬೋಪ್ರಾಪ್ ಇಂಜಿನ್ ಬಿಡಿಭಾಗ, ಎರಡು’ ಎಂದು ದಪ್ಪಕ್ಷರದಲ್ಲಿ ಬರೆದು ಕಳಿಸಿದ.

ಪಾರ್ಸೆಲ್ಲು ಬಂತು. ಬಂದು ವಿಮಾನ ನಿಲ್ದಾಣದ ಗೋದಾಮಿನಲ್ಲಿ ನಿಂತಿತು. ವಿಮಾನದ ಇಂಜಿನ್ ಭಾಗ ಎಂದರೆ ಅದಕ್ಕೆ ಅನುಮತಿ ಪತ್ರ ಎಲ್ಲಿ ಎಂದು ಕಸ್ಟಮ್ಸಿನವರು ಕೇಳಿದರು. ನಾನು ಕೂತು ಕೆಲಸ ಮಾಡುವ ಕಟ್ಟಡಕ್ಕೂ ಅದು ಕೂತಿದ್ದ ಗೋದಾಮಿಗೂ ನಡುವೆ ಒಂದು ಕ್ಯಾಂಟೀನು. ಮಧ್ಯಾಹ್ನ ಚಿತ್ರಾನ್ನ ತಿನ್ನುತ್ತ ಆ ಗೋದಾಮಿನ ಶಟರ್ ನೋಡುತ್ತಿದ್ದೆ. ಊರವರ ಪಾರ್ಸೆಲ್ಲನ್ನೆಲ್ಲ ಬಿಡಿಸಿಕೊಡುವ ನಾನು, ನನ್ನನ್ನು ಈ ಕುರ್ಚಿಯಲ್ಲಿ ಕೂರಿಸಿದವರ ಪಾರ್ಸೆಲ್ಲನ್ನು ಬಿಡಿಸಲಾಗದೆ ಒದ್ದಾಡಿಹೋದೆ. ದಿನಾ ಸಂಜೆ ಸ್ಕೂಟರ್ ನಿಲ್ಲಿಸುವ ಹೊತ್ತಿಗೆ ಅವರು ಬಾಗಿಲಲ್ಲಿ ನಿಂತಿರುತ್ತಿದ್ದರು. ನನ್ನ ಮುಖ ನೋಡಿ ಒಳಗೆ ಹೋಗುತ್ತಿದ್ದರು.

ಕೊನೆಗೆ ಕಸ್ಟಮ್ಸ್ ಅಧಿಕಾರಿಯನ್ನು ಕಾಣಲು ಅವರನ್ನೇ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಬೂಟಿನ ಡಬ್ಬಿಯಲ್ಲಿ ಇಂಜಿನ್ನಿಲ್ಲದ ವಿಮಾನ. ಅಧಿಕಾರಿ ನನ್ನ ವಯಸ್ಸಿನವರು. ಕೂರಿ ಎಂದು ನೀರು ಕೊಟ್ಟರು. ದೊಡ್ಡಪ್ಪ ಡಬ್ಬಿ ತೆಗೆದು ವಿಮಾನವನ್ನು ಅವರ ಮೇಜಿನ ಮೇಲಿಟ್ಟರು.

“ಇದಕ್ಕೆ ಸಾರ್, ಆ ಇಂಜಿನ್ನು. ಬೆರಳು ಗಾತ್ರ ಅಷ್ಟೇ.”

ಅಧಿಕಾರಿಗೆ ನಗು ಬಂತು, ತಡೆದುಕೊಂಡರು. “ಅಂದ್ರೆ ಇದು ನಿಜವಾದ ಇಂಜಿನ್ ಭಾಗ ಅಲ್ಲ. ಆಟಿಕೆ. ಹಾಗಂತ ಹೇಳಿ ಸಾರ್, ಬರ್ಕೋತೀನಿ.”

ದೊಡ್ಡಪ್ಪ ಹೆಬ್ಬೆರಳನ್ನು ತೋರುಬೆರಳಿಂದ ಸುಲಿಯತೊಡಗಿದರು. ನಾನು ಮೆಲ್ಲಗೆ “ಹೇಳಿ ದೊಡ್ಡಪ್ಪ” ಎಂದೆ. ವಿಮಾನದ ಕಿಟಕಿಯೊಳಗಿನ ಮಂಚವನ್ನು ನೋಡುತ್ತ ಅವರು ಹೇಳಿದರು:

“ಹೌದು ಸಾರ್. ಆಟಿಕೆ.”

ಅಧಿಕಾರಿ ಕಂಪ್ಯೂಟರ್ ನೋಡಿದರು. ಅವರ ಮುಖ ಇಳಿಯಿತು. “ಸಾರ್, ಆಟಿಕೆ ಅಂದ್ರೆ ಇನ್ನೊಂದು ತೊಂದ್ರೆ ಇದೆ. ಹೊರಗಿಂದ ಬರೋ ಆಟಿಕೆಗೆ ಗುಣಮಟ್ಟದ ಸರ್ಟಿಫಿಕೇಟ್ ಬೇಕು. ತಯಾರು ಮಾಡಿದೋರು ತಗೊಂಡಿರ್ಬೇಕು.”

“ಅವನೊಬ್ನೇ ಸಾರ್, ಮನೇಲಿ ಕೂತು ಮಾಡೋನು.”

“ಗೊತ್ತಾಗ್ತದೆ ಸಾರ್. ಆದ್ರೆ ಇಂಜಿನ್ ಅಂದ್ರೆ ಆ ಕಾಗದ ಬೇಕು, ಆಟಿಕೆ ಅಂದ್ರೆ ಈ ಕಾಗದ ಬೇಕು. ಎರಡೂ ಅಲ್ದೆ ಇನ್ನೇನಂತ ಬರ್ಕೊಳ್ಲಿ? ನೀವೇ ಹೇಳಿ.”

“ನನ್ನ ಹೆಂಡ್ತಿಗೆ...” ಎಂದರು ದೊಡ್ಡಪ್ಪ. ಕೈ ಮುಗಿದರು. ಅರವತ್ತು ದಾಟಿದ ಮನುಷ್ಯ ನನ್ನ ವಯಸ್ಸಿನವರಿಗೆ ಮುಗಿದ ಆ ಕೈಯನ್ನು ನೋಡಲಾರದೆ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅಧಿಕಾರಿಯೂ ಎದ್ದು ನಿಂತು ಕೈ ಮುಗಿದರು. ಅವರನ್ನು ದೂರುವಂತಿಲ್ಲ. ಅವರ ಕೈಯಲ್ಲಿ ಏನೂ ಇರಲಿಲ್ಲ. ಪಾರ್ಸೆಲ್ಲು ಕಳಿಸಿದವನಿಗೇ ವಾಪಸು ಹೋಗುವುದೆಂದಾಯಿತು.

ಪಾರ್ಕಿಂಗಿನ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಅವರು ಡಬ್ಬಿ ತೆರೆದು ವಿಮಾನ ಸರಿಯಾಗಿದೆಯೇ ಎಂದು ನೋಡಿ ಮುಚ್ಚಿದರು. ಇಂಜಿನ್ನು ಹೋಯಿತು ಎಂದು ಅಳುತ್ತಾರೇನೋ ಎಂದು ಹೆದರಿದ್ದೆ. ಅವರು ಹೇಳಿದ್ದು ಬೇರೆ. “ಅದನ್ನ ಆಟಿಕೆ ಅಂದ್ಬಿಟ್ನಲ್ಲಮ್ಮ. ಅಂದ್ರೂ ಬಿಡ್ಲಿಲ್ಲ.”

ದೊಡ್ಡಮ್ಮನಿಗೆ ಈ ವಿಷಯ ಹೇಳಬಾರದೆಂದು ಇಬ್ಬರೂ ಮಾತಾಡಿಕೊಂಡೆವು. ಆಕೆಗೆ ಮುಂಚೆಯೇ ಗೊತ್ತಿತ್ತು. ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದವರು ದೊಡ್ಡಪ್ಪ ಒಬ್ಬರೇ ಅಲ್ಲ. ಒಳಗಿನ ಮಂಚದಿಂದ ಆಕೆಯೂ ನೋಡುತ್ತಿದ್ದರು. ಮುಂದಿನ ಸಲ ಆಸ್ಪತ್ರೆಯಿಂದ ಬಂದವರೇ ವೈರಿನ ಬುಟ್ಟಿಯೊಳಗೆ ಕೈ ಹಾಕಿ ಒಂದು ಪೊಟ್ಟಣ ತೆಗೆದರು. ಡಯಾಲಿಸಿಸ್ಸಿನ ಸಾಮಾನಿನ ಹೊಸ ಪ್ಯಾಕೆಟ್ಟು ಒಡೆದಾಗ ಕೊಳವೆಗಳ ತುದಿಗೆ ಪ್ಲಾಸ್ಟಿಕ್ ಮುಚ್ಚಳಗಳಿರುತ್ತವೆ. ಅವನ್ನು ಕಿತ್ತು ಎಸೆದು ಆಮೇಲೆ ಕೊಳವೆ ಜೋಡಿಸುತ್ತಾರೆ. ಎಸೆಯುವ ಮುಂಚೆ ನನಗೆ ಕೊಡಿ ಎಂದು ಸಿಸ್ಟರಿಗೆ ಹೇಳಿ, ಆಕೆ ಯಾವತ್ತಿನಿಂದಲೋ ಕೂಡಿಡುತ್ತಿದ್ದರು.

“ಇದಾಯ್ತದಾ ನೋಡ್ರೀ.”

ದೊಡ್ಡಪ್ಪ ನೋಡಲೇ ಇಲ್ಲ. “ಅದು ಕಸ ಕಣೇ. ಇಂಜಿನ್ನು ಕಸದಿಂದ ಮಾಡಲ್ಲ ನಾನು.”

“ಕಸ ಅಲ್ಲ ರೀ. ವಾರಕ್ಕೆ ಮೂರು ದಿನ ನನ್ನ ಜೀವ ಅದರ ಹಿಂದ್ಗಡೆ ಕೊಳವೇಲೇ ಓಡಾಡ್ತದೆ. ಜೀವಕ್ಕೆ ಇನ್ಯಾವ ಸಾಮಾನು ಬೇಕು ನಿಮ್ಗೆ?”

ಅವರು ಆಗ ಒಂದು ಮುಚ್ಚಳವನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದು ತಿರುಗಿಸಿದರು. ಯಾವ ವಸ್ತುವನ್ನಾದರೂ ಅವರು ಹಾಗೆಯೇ ತಿರುಗಿಸುತ್ತಿದ್ದರು, ಇದು ಇನ್ನೇನಾಗಬಹುದು ಎಂಬಂತೆ. ಮುಂದಕ್ಕೆ ಸಣ್ಣಗಾಗುತ್ತ ಬಂದ ಮೂತಿ, ಬದಿಯಲ್ಲಿ ಗಾಳಿ ಎಳೆದುಕೊಳ್ಳುವ ಬಾಯಿಯಂಥ ಏಣು. ರೆಕ್ಕೆಯ ಮೇಲೆ ಇಟ್ಟು ನೋಡಿದರು. ಅದಕ್ಕೆಂದೇ ಮಾಡಿದ್ದೇನೋ ಎಂಬಂತೆ ಕೂತಿತು. ದೊಡ್ಡಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅಷ್ಟು ವರ್ಷ ಬೈದುಕೊಂಡೇ ಆಕೆ ಅವರ ಕಣ್ಣನ್ನು ಕಲಿತುಬಿಟ್ಟಿದ್ದರು.

ನಾಲ್ಕೈದು ದಿನದಲ್ಲಿ ಮುಗಿಯಿತು. ಮದುವೆಮನೆಯ ಚಮಚದ ಎಲೆ, ಇಯರ್‌ಬಡ್ಡಿನ ಕಡ್ಡಿಯ ಹೊಗೆಕೊಳವೆ. ಬಣ್ಣ ಒಣಗಿದ ಮೇಲೆ ನನ್ನನ್ನು ಕರೆದರು. ದೊಡ್ಡಮ್ಮನನ್ನು ದಿಂಬು ಕೊಟ್ಟು ಕೂರಿಸಿದ್ದೆವು. ಮಂಚದ ಪಕ್ಕದ ಸ್ಟೂಲಿನ ಮೇಲೆ ವಿಮಾನವನ್ನು ಇಟ್ಟು ದೊಡ್ಡಪ್ಪ ಕೈ ತೆಗೆದರು.

ವಿಮಾನ ಮೆಲ್ಲಗೆ ಹಿಂದಕ್ಕೆ ವಾಲಿ ಬಾಲ ಊರಿ ಕೂತುಬಿಟ್ಟಿತು. ಮೂತಿ ಸೂರಿನ ಕಡೆಗೆ.

ಮತ್ತೆ ಇಟ್ಟರು. ಮತ್ತೆ ಕೂತಿತು. ನನಗೆ ಅರ್ಥವಾಗಲಿಲ್ಲ, ಅವರಿಗೆ ಆಗಿತ್ತು. ಮುಂಚಕ್ರ ಇರುವ ಮಾಡೆಲ್ಲಿನ ಮೂತಿಯೊಳಗೆ ಒಂದಿಷ್ಟು ಸೀಸದ ಗುಂಡು ಹಾಕಿಯೇ ಹೊಟ್ಟೆ ಮುಚ್ಚಬೇಕು, ಇಲ್ಲದಿದ್ದರೆ ಹಿಂದಕ್ಕೆ ಬೀಳುತ್ತದೆ. ಅದು ಈ ಕೆಲಸದವರ ಮೊದಲ ಪಾಠ. ಪರದೇಶದ ಇಂಜಿನ್ನು ಗಟ್ಟಿ ಎರಕದ್ದು, ರೆಕ್ಕೆಯ ಚಕ್ರಕ್ಕಿಂತ ಮುಂದೆ ಕೂರುವ ಅದರ ಭಾರವೇ ಸಾಕು ಎಂದು ಅವರು ಏನೂ ಹಾಕದೆ ಮುಚ್ಚಿದ್ದರು. ಈಗ ಬಂದದ್ದು ಟೊಳ್ಳು ಮುಚ್ಚಳ. ಹೊಟ್ಟೆ ಒಡೆದರೆ ಮಂಚ, ಹಾಸಿಗೆ, ಕಿಟಕಿ ಎಲ್ಲ ಹೋಗುತ್ತದೆ. ಮತ್ತೆ ಮಾಡುವಷ್ಟು ದಿನ ಮನೆಯಲ್ಲಿ ಯಾರಿಗೂ ಇರಲಿಲ್ಲ.

ದೊಡ್ಡಪ್ಪ ನೆಲದ ಮೇಲೆ ಕೂತರು. ಸ್ಟೂಲಿನ ಕಾಲಿಗೆ ಹಣೆ ಒತ್ತಿ ಅತ್ತರು. ಕಚೇರಿಯಲ್ಲಿ ತಡೆದುಕೊಂಡದ್ದು, ಆಸ್ಪತ್ರೆಯ ಹೊರಗೆ ತಡೆದುಕೊಂಡದ್ದು, ಎಲ್ಲ ಅವತ್ತು ಬಂತು. “ಒಂದೂ ಆಗಲ್ಲ ನನ್ ಕೈಲಿ. ಒಂದೂ ಆಗಲ್ಲ” ಎಂದು ಅದನ್ನೇ ಹೇಳುತ್ತಿದ್ದರು. ನನಗೂ ಅಳು ಬಂದಿತ್ತು, ಮತ್ತು ಆ ದರಿದ್ರ ವಿಮಾನವನ್ನು ಎತ್ತಿ ಬೀದಿಗೆ ಒಗೆಯಬೇಕೆನ್ನುವಷ್ಟು ಕೋಪವೂ ಬಂದಿತ್ತು.

“ಭಾರ ತಾನೆ ಬೇಕಾಗಿರೋದು?” ಎಂದರು ದೊಡ್ಡಮ್ಮ. ನನ್ನ ಕಡೆ ತಿರುಗಿ, “ದೇವರ ಗೂಡಿಂದ ನನ್ನ ಕುಂಕುಮದ ಡಬ್ಬಿ ತಗೊಂಬಾ” ಎಂದರು.

ಕತ್ತರಿಸಿದ ಎರಡು ಕಾಲುಂಗುರ. ಕುಂಕುಮ ಮೆತ್ತಿಕೊಂಡಿದ್ದವು. ದೊಡ್ಡಪ್ಪ ತಲೆ ಎತ್ತಿ ನೋಡಿದರು. “ಬೇಡ ಕಣೇ. ಅದು ನಿನ್ನ ಕಾಲುಂಗುರ.”

“ನನ್ನ ಕಾಲಿಗಂತೂ ಬರಲ್ಲ. ಡಬ್ಬೀಲಿ ಸುಮ್ನೆ ಬಿದ್ದವೆ. ಎರಡು ಇಂಜಿನ್ನು, ಎರಡು ಉಂಗ್ರ. ಹಾಕಿ.”

ಇಂಜಿನ್ನುಗಳನ್ನು ರೆಕ್ಕೆಯಿಂದ ಬಿಡಿಸಿ, ಉಂಗುರಗಳನ್ನು ಇಕ್ಕಳದಿಂದ ಅದುಮಿ ಸಣ್ಣದು ಮಾಡಿ, ಒಂದೊಂದು ಮುಚ್ಚಳದೊಳಗೆ ಒಂದೊಂದು ಇಟ್ಟು, ಗಮ್ಮು ಹಾಕಿ, ಮತ್ತೆ ರೆಕ್ಕೆಗೆ ಕೂರಿಸಿದರು. ಒಣಗುವ ತನಕ ಎರಡನ್ನೂ ಬೆರಳಲ್ಲಿ ಒತ್ತಿ ಹಿಡಿದುಕೊಂಡರು. ಆಮೇಲೆ ಕೆಳಗಿಟ್ಟರು. ವಿಮಾನ ಮೂರೂ ಚಕ್ರ ಊರಿ ನಿಂತುಕೊಂಡಿತು. ದೊಡ್ಡಮ್ಮ ಬಗ್ಗಿ ಕಿಟಕಿಯೊಳಗೆ ಇಣುಕಿದರು. “ಅದೇನ್ರೀ, ನನ್ನ ನೀಲಿ ರವಿಕೆ ಹರಿದು ಹಾಸಿದೀರಾ? ಅದು ಚೆನ್ನಾಗಿತ್ತಲ್ರೀ!” ಎಂದು ಬೈದರು. ಆ ಬೈಗುಳ ಕೇಳಿ ದೊಡ್ಡಪ್ಪನ ಮುಖಕ್ಕೆ ಜೀವ ಬಂತು.

ಅವತ್ತಿನಿಂದ ಅದು ಆಕೆಯ ತಲೆಯ ಹತ್ತಿರದ ಕಿಟಕಿಯಲ್ಲಿತ್ತು. “ಎಣ್ಣೆ ಹಾಕಿದ್ರಾ? ನಾಳೆ ಆಸ್ಪತ್ರೆಗೆ ಇದ್ರಲ್ಲೇ ಹೋಗೋದು” ಎಂದು ದಿನಾ ತಮಾಷೆ. ಹೋಗುತ್ತಿದ್ದದ್ದು ಆಟೋದಲ್ಲೇ. ಆ ತಮಾಷೆಯೂ ಕ್ರಮೇಣ ಸಣ್ಣದಾಯಿತು. ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದ ನನ್ನಮ್ಮ ಬಾಗಿಲಲ್ಲೇ ನಿಂತು ನನ್ನ ಹೆಸರು ಹಿಡಿದು ಕೂಗಿದಳು.

ಸಮೇತನಹಳ್ಳಿಯಿಂದ ದೊಡ್ಡಮ್ಮನ ಅಕ್ಕ ಬಂದರು. ಹೆಂಗಸರು ಸೇರಿ ಸ್ನಾನ ಮಾಡಿಸಿ, ಅರಿಶಿನ ಹಚ್ಚಿ, ಹಸಿರು ಬಳೆ ತೊಡಿಸಿ, ಹೂವು ಮುಡಿಸಿದೆವು. ಕಾಲಿನ ಹತ್ತಿರ ಬಂದಾಗ ಆ ಅಕ್ಕ, “ಕಾಲುಂಗ್ರ ಎಲ್ಲಿ?” ಎಂದರು. “ಗಂಡ ಇರೋ ಮುತ್ತೈದೆ. ಬರೀ ಬೆರಳಲ್ಲಿ ಕಳಿಸ್ತೀರಾ ನನ್ನ ತಂಗೀನಾ?” ನಾನು ಎದ್ದೆ. ಬೇಗ ಹೋಗಿ ಹೊಸದು ತರುತ್ತೇನೆ, ಅಂಗಡಿ ತೆಗೆಸುತ್ತೇನೆ ಎಂದೆ. ಆ ವಿಮಾನಕ್ಕೆ ಯಾರೂ ಕೈ ಹಾಕಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ದೊಡ್ಡಪ್ಪ ಗೋಡೆಗೆ ಒರಗಿ ಕೂತಿದ್ದವರು, “ಹೊಸದು ಬ್ಯಾಡ. ಅವಳದು ಐತೆ” ಎಂದರು.

ಕಿಟಕಿಯಿಂದ ವಿಮಾನವನ್ನು ಎತ್ತಿಕೊಂಡು ಅಂಗಳದ ಬೆಳಕಿಗೆ ಬಂದರು. ಬ್ಲೇಡು ತಗೊಂಡರು. ಎರಡು ತಿಂಗಳು ಅಂಗಲಾಚಿ, ಕೈ ಮುಗಿದು, ಆಟಿಕೆ ಅಂದು, ಅತ್ತು ಪಡೆದ ಇಂಜಿನ್ನನ್ನು ತಾವೇ ಅಂಟಿಸಿದ ಗೆರೆಯ ಮೇಲೆಯೇ ಕೊಯ್ದರು. ಒಂದು ಉಂಗುರ ಬಂತು. ಇನ್ನೊಂದು ಬಂತು. ಇಕ್ಕಳದಿಂದ ಅಗಲಿಸಿ, ಒಳಗೆ ಬಂದು, ಆಕೆಯ ಕಾಲಿನ ಬಳಿ ಕೂತು ತೊಡಿಸಿದರು. ಕತ್ತರಿಸಿ ಬಾಯಿಬಿಟ್ಟಿದ್ದರಿಂದಲೇ ಊದಿದ ಬೆರಳಿಗೆ ಅವು ಬಂದವು. ಬೆಳ್ಳಿಯ ಮೇಲೆ ಗಮ್ಮು ಅಂಟಿಕೊಂಡಿತ್ತು. ಅದನ್ನು ಹೆಬ್ಬೆರಳಿಂದ ಉಜ್ಜಿ ಉಜ್ಜಿ ಸುಲಿದರು. ಆಕೆಯ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಹೋದರು.

ಆಮೇಲೆ ಅವರು ಇನ್ನೊಂದು ವಿಮಾನ ಮಾಡಲಿಲ್ಲ. ಡಬ್ಬಿಗಳೆಲ್ಲ ಅಟ್ಟಕ್ಕೆ ಹೋದವು. ಕೆಲವು ತಿಂಗಳು ಕಳೆದು ರೇಷನ್ ಅಂಗಡಿಯಿಂದ ಚೀಲ ಹಿಡಿದು ಬರುತ್ತಿದ್ದರು. ಹೆಬ್ಬೆರಳಿನ ಗಮ್ಮೆಲ್ಲ ಉದುರಿ ಗೆರೆಗಳು ಮೂಡಿದ್ದವು. ಯಂತ್ರ ಮೊದಲ ಸಲ ಅವರನ್ನು ಗುರುತು ಹಿಡಿದಿತ್ತು. “ಈಗ ನಾನಿದೀನಂತೆ ಕಣಮ್ಮ” ಎಂದು ಹೇಳಿ, ಚೀಲವನ್ನು ನಮ್ಮ ಜಗಲಿಯ ಮೇಲಿಟ್ಟು, ಬೆರಳನ್ನು ನೋಡುತ್ತ ಬಹಳ ಹೊತ್ತು ಕೂತರು. ಹೋದ ವರ್ಷ ಅವರೂ ಹೋದರು. ಸಕ್ಕರೆ ಕಾಯಿಲೆ ಜೋರಾಗಿತ್ತು, ಔಷಧಿ ಸರಿಯಾಗಿ ತಗೊಳ್ಳುತ್ತಿರಲಿಲ್ಲ ಎಂದರು ಡಾಕ್ಟರು.

ಆಫೀಸಿನಲ್ಲಿ ನನ್ನ ಮುಂದೆ ಬರುವ ಪಾರ್ಸೆಲ್ಲುಗಳ ಮೇಲೆ ಜನ ಏನೇನೋ ಬರೆದಿರುತ್ತಾರೆ. ಒಳಗಿರುವುದು ಇನ್ನೇನಾಗಬಹುದು ಎಂದು ಒಂದು ಸಲ ತಿರುಗಿಸಿ ನೋಡದೆ ನಾನು ಯಾವುದನ್ನೂ ಪಕ್ಕಕ್ಕೆ ಸರಿಸುವುದಿಲ್ಲ. ಅದು ಅವರು ಕೊಟ್ಟ ಬುದ್ಧಿ.

ಆ ವಿಮಾನ ಈಗ ನಮ್ಮ ಮನೆಯ ಟಿವಿ ಪಕ್ಕ ಇದೆ. ಬಾಲ ಊರಿ, ಮೂತಿ ಮೇಲೆತ್ತಿ ಕೂತಿದೆ. ಬಂದವರು ಸರಿಯಾಗಿ ನಿಲ್ಲಿಸಲು ನೋಡುತ್ತಾರೆ, ಅದು ನಿಲ್ಲುವುದಿಲ್ಲ. ದೊಡ್ಡಮ್ಮನ ತಿಥಿ ಮುಗಿದ ಸಂಜೆ ದೊಡ್ಡಪ್ಪ ಟೊಳ್ಳು ಇಂಜಿನ್ನುಗಳನ್ನು ಮತ್ತೆ ರೆಕ್ಕೆಗೆ ಅಂಟಿಸಲು ಕೂತಿದ್ದರು. ಉಂಗುರದ ಜಾಗಕ್ಕೆಂದು ನಾನು ಪೇಟೆಯಿಂದ ಎರಡು ಸೀಸದ ಗುಂಡು ತಂದು ಅವರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ನನಗೇ ವಾಪಸು ಕೊಟ್ಟರು.

“ಬ್ಯಾಡ ಕಣಮ್ಮ. ಹಿಂದ್ಗಡೆ ಕಿಟಕಿ ಪಕ್ಕ ಅವಳು ಕೂತವ್ಳೆ. ಅದಕ್ಕೇ ಬಾಲ ಭಾರ ಆಗೈತೆ.”